ದೊಡ್ಡಪ್ಪನ ವಿಮಾನ, ಹತ್ತನೇ ದಿನದ ಕಾಗೆ

ದೊಡ್ಡಪ್ಪನ ಹತ್ತನೇ ದಿನ ಚಪಳಗಾಂವದ ಕಾಗೆಗಳೆಲ್ಲ ಮುಷ್ಕರ ಹೂಡಿದ್ದವು. ನಮ್ಮ ಹೊಲದ ಬಾವಿಯ ಪಕ್ಕ ಮುತ್ತುಗದ ಎಲೆಯ ಮೇಲೆ ಪಿಂಡದ ಅನ್ನ ಇಟ್ಟು, ಮನೆಯವರೆಲ್ಲ ದೂರ ಸರಿದು ಕಾಯುತ್ತಿದ್ದೆವು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಆಗ ಬದುಕಿರುವವರು ಒಬ್ಬೊಬ್ಬರಾಗಿ ಮುಂದೆ ಬಂದು, ಅದನ್ನು ಈಡೇರಿಸುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು. ಅಲ್ಲಿಯವರೆಗೆ ಯಾರಿಗೂ ಊಟವಿಲ್ಲ. ನನ್ನ ಹೊಟ್ಟೆಯ ಸದ್ದು ಅಕ್ಕಲಕೋಟದ ಬಸ್ ಸ್ಟ್ಯಾಂಡಿನವರೆಗೆ ಕೇಳಿಸುತ್ತಿತ್ತು. ನಾನೇನು ಒಂದಕ್ಕೆ ಎರಡು ಸೇರಿಸಿ ಹೇಳುವವಳಲ್ಲ.

ದೊಡ್ಡಪ್ಪ ವಿಮಾನದ ನಕಾಶೆ ಬರೆಯುತ್ತಿದ್ದ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಬೇರೆಯವರ ವಿಮಾನಗಳಿಗೆ ಬಾಲ ಬರೆದೂ ಬರೆದೂ ಬೇಸತ್ತು, ಊರಿಗೆ ಬಂದು ತನ್ನದೇ ಒಂದನ್ನು ಕಟ್ಟಿದ. ನೆಲದ ಮೇಲೂ ನೀರಿನ ಮೇಲೂ ಇಳಿಯುವ, ಇಬ್ಬರು ಕೂರುವ ಹಗುರ ವಿಮಾನ. ಹೊಟ್ಟೆ ದೋಣಿಯದು. ಅದರ ಮೇಲೆ ರೆಕ್ಕೆ. ನೀರು ಸಿಡಿಯದಿರಲೆಂದು ಎಂಜಿನ್ ಇನ್ನೂ ಮೇಲೆ, ಹೊಲಕ್ಕೆ ಹೊರಟವಳ ತಲೆಯ ಮೇಲಿನ ಬುತ್ತಿಯ ಹಾಗೆ. ನೀರಿಗೆ ಇಳಿಯುವ ಮುಂಚೆ ಗಾಲಿಗಳನ್ನು ಕೈಯಿಂದ ತಿರುವಿ ಮಡಚಬೇಕು. ಅಂಥದ್ದು ಜಗತ್ತಿನಲ್ಲೇ ಅದೊಂದು. ಅದರೊಳಗೆ ಮೊಟ್ಟೆ ಇಟ್ಟ ಕೋಳಿಗಳೂ ಜಗತ್ತಿನಲ್ಲೇ ನಮ್ಮವು ಮಾತ್ರ.

ಹಾಲು ಹಾಕುವ ಮುದುಕ ಬಂದಾಗಲೆಲ್ಲ ಕೆಣಕುತ್ತಿದ್ದ: “ಸಾಹೇಬ್ರ, ನಮ್ಮ ಕಡಿ ನೀರ ಎಲ್ಲೈತ್ರಿ? ಟ್ಯಾಂಕರದಾಗ ಇಳಸ್ತೀರೇನು?”

“ಮೊದಲ ವಿಮಾನ ಆಗಲಿ, ನೀರ ತಾನ ಹುಡುಕ್ಕೊಂಡ ಬರ್ತೈತಿ,” ಎನ್ನುತ್ತಿದ್ದ ದೊಡ್ಡಪ್ಪ.

ನೀರು ಬರಲಿಲ್ಲ, ನಾವೇ ಹೋದೆವು. ಒಂದು ಮಳೆಗಾಲ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಕುರನೂರ ಆಣೆಕಟ್ಟಿನ ಹಿನ್ನೀರಿಗೆ ಒಯ್ದೆವು. ಪಕ್ಕದ ಕುರ್ಚಿಗೆ ಹಗುರಾದವರು ಬೇಕೆಂದು ದೊಡ್ಡಪ್ಪ ನನ್ನನ್ನು ಕೂಡಿಸಿಕೊಂಡ. ಸೋಲಾಪುರದ ನನ್ನ ಶಾಲೆಯಲ್ಲಿ ನಾನು ಹೇಳಿರುವ ಪ್ರಕಾರ ಅದು ಮಿಲ್ಲಿನ ಚಿಮಣಿಗಿಂತ ಎತ್ತರ ಹಾರಿತು. ದೊಡ್ಡಪ್ಪನ ಪ್ರಕಾರ ಎಮ್ಮೆಯಷ್ಟು ಎತ್ತರ. ದಡದಲ್ಲಿದ್ದ ಅಪ್ಪನ ಪ್ರಕಾರ ಏಳಲೇ ಇಲ್ಲ. ಆದರೆ ಕಾಲ ಕೆಳಗೆ ಬಡಿಯುತ್ತಿದ್ದ ನೀರಿನ ಸದ್ದು ಥಟ್ಟನೆ ನಿಂತುಹೋಗಿತ್ತು. ಆ ಒಂದು ಗಳಿಗೆ ದೊಡ್ಡಪ್ಪ ಉಸಿರು ಬಿಡಲಿಲ್ಲ. ಇದನ್ನು ಮಾತ್ರ ನಾನು ಎಳೆದು ಉದ್ದ ಮಾಡಿಲ್ಲ.

ಈಗ ದೊಡ್ಡಪ್ಪ ಇರಲಿಲ್ಲ. ಸೋಲಾಪುರದಲ್ಲಿ ಚಾದರದ ಅಂಗಡಿ ಇಟ್ಟಿರುವ ಅಪ್ಪ, ಜೋಳದ ಕಣಿಕೆ ಒಟ್ಟಲು ವಿಮಾನ ನಿಂತಿದ್ದ ಶೆಡ್ಡು ಬೇಕೆಂದು, ದಿನಕರ್ಮ ಮುಗಿದ ಕೂಡಲೇ ಅದನ್ನು ಒಯ್ಯಲು ಗುಜರಿ ಕೊಳ್ಳುವ ಭಂಗಾರದವನಿಗೆ ಹೇಳಿಬಿಟ್ಟಿದ್ದ. ದೊಡ್ಡವ್ವ ಬೇಡ ಅನ್ನಲಿಲ್ಲ. ಆದರೆ ದಿನಾ ಬೆಳಿಗ್ಗೆ ಹೋಗಿ ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದಳು. ನಾನು ನೋಡಿದರೆ ಕೋಳಿ ಹುಡುಕುತ್ತಿರುವವಳ ಹಾಗೆ ಬಗ್ಗುತ್ತಿದ್ದಳು.

ಬಿಸಿಲು ಏರಿತು. ಶೆಡ್ಡಿನಲ್ಲಿ ಹಿಡಿಸದೆ ಹೊರಗೆ ಚಾಚಿದ್ದ ವಿಮಾನದ ರೆಕ್ಕೆಯ ಮೇಲೆ ಒಂದು ಕಾಗೆ ಕೂತಿತ್ತು.

ಅಪ್ಪ ದೊಡ್ಡವ್ವನ ಕಡೆ ಒಮ್ಮೆ ನೋಡಿ ಕೈಮುಗಿದ: “ಅಣ್ಣಾ, ವೈನಿಗೆ ಏನೂ ಕಡಿಮಿ ಮಾಡಂಗಿಲ್ಲ. ಚಿಂತಿ ಬಿಡು.”

ಕಾಗೆ ಕೊಕ್ಕು ಒರೆಸಿಕೊಂಡಿತು.

ಮಂಗಳವೇಢೆಯಿಂದ ಬಂದಿದ್ದ ಸೋದರಮಾವ ಮುಂದೆ ಬಂದ: “ಭಾವಾ, ನಿಮ್ಮ ಮಾತಿನಂಗ ತಂಬಾಕ ಬಿಡ್ತೀನ್ರಿ!”

“ಬಿಡಂಗಿಲ್ಲಂತ ಕಾಗಿಗೂ ಗೊತ್ತೈತಿ,” ಎಂದಳು ಅವನ ಹೆಂಡತಿ. ಕಾಗೆ ನಮಗೆ ಬೆನ್ನು ತೋರಿಸಿ ಕೂತಿತು.

ಬಾವಿಗೆ ಹೊಸ ಮೋಟರು, ದೇವರಿಗೆ ಅಭಿಷೇಕ, ಎಲ್ಲ ಆಯಿತು. ವಿಮಾನದ ಮಾತು ಯಾರೂ ಎತ್ತಲಿಲ್ಲ. ದೊಡ್ಡವ್ವ ಸೆರಗು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಎಲ್ಲರೂ ಅನ್ನ ನೋಡುತ್ತಿದ್ದರು, ನಾನು ಕಾಗೆ ನೋಡುತ್ತಿದ್ದೆ. ಅದು ಈ ಕಡೆ ತಿರುಗಿತು. ಕಾಲು ಬಗ್ಗಿಸಿತು, ಕತ್ತು ಚಾಚಿತು, ರೆಕ್ಕೆ ಸಡಿಲಿಸಿತು. ಇನ್ನೇನು ಎದ್ದಿತು ಅನ್ನುವಷ್ಟರಲ್ಲಿ ನಾನು ಮುಂದೆ ಹಾರಿ ಒದರಿದೆ:

“ದೊಡ್ಡಪ್ಪಾ! ನಿನ್ನ ವಿಮಾನ ಭಂಗಾರಕ್ಕ ಹಾಕಂಗಿಲ್ಲ! ಮಳಿಗಾಲದಾಗ ಮತ್ತ ನೀರಿಗೆ ಇಳಸ್ತೀವಿ! ಅಪ್ಪ ಮಾತ ಕೊಟ್ಟಾನ!”

ಕಾಗೆ ನೇರ ಎಲೆಯ ಮೇಲೆಯೇ ಇಳಿಯಿತು. ದೊಡ್ಡಪ್ಪನಿಗೂ ಅಷ್ಟು ಚೆಂದ ಇಳಿಸಲು ಬರುತ್ತಿರಲಿಲ್ಲ.

“ಮುಟ್ಟೈತಿ! ಮುಟ್ಟೈತಿ!” ಸೋದರಮಾವ ಕುಣಿದೇಬಿಟ್ಟ.

ಅಪ್ಪನ ಮುಖ ಬಣ್ಣ ಬಿಟ್ಟ ಚಾದರದಂತಾಗಿತ್ತು. “ನಾ ಯಾವಾಗ ಮಾತ ಕೊಟ್ಟೀನಿ, ಪೋರಿ?”

“ಇನ್ನ ತಿರಗಸಾಕ ಬರಂಗಿಲ್ಲ ಭಾವಾ, ಕಾಗಿ ಉಂಡೈತಿ,” ಎಂದ ಸೋದರಮಾವ, ಬಾಯಿಗೆ ತಂಬಾಕು ಹಾಕಿಕೊಳ್ಳುತ್ತ.

ಊಟದ ಹೊತ್ತಿಗೆ ಅಪ್ಪ ಅಂಗಳದಲ್ಲಿ ಫೋನು ಹಿಡಿದು ಭಂಗಾರದವನಿಗೆ ಹೇಳುತ್ತಿದ್ದ: “ಬರಬ್ಯಾಡ್ರಿ... ಇಲ್ರಿ, ರೇಟಿನ ಮಾತಲ್ಲ... ಕಾಗಿದು... ಕಾಗಿ ರೀ,” ಆಮೇಲೆ ಮರಾಠಿಯಲ್ಲಿ, “ಕಾವಳಾ!”

ದೊಡ್ಡವ್ವ ನನ್ನ ಎಲೆಗೆ ಅನ್ನ ಬಡಿಸುತ್ತ ಬಗ್ಗಿ, ಮೆಲ್ಲಗೆ ಅಂದಳು: “ಕಾಗಿ ಮೊದಲ ಎದ್ದಿತು. ನೀ ಆಮ್ಯಾಲೆ ಒದರಿದಿ.”

ನಾನು ಅಂಗಳದಲ್ಲಿದ್ದ ಅಪ್ಪನ ಕಡೆ ತಿರುಗಿ ನೋಡಿದೆ. “ದೊಡ್ಡವ್ವಾ, ಅಪ್ಪಗ ಹೇಳಬ್ಯಾಡ.”

“ನಾ ಯಾಕ ಹೇಳ್ಲಿ?” ಆಕೆ ಸಾರು ಸುರಿದಳು, ಸುರಿಯುತ್ತಲೇ ಇದ್ದಳು. “ಅವರು ನಿನ್ನ ಕೂಡಿಸಿದ್ರು, ನನ್ನ ಒಂದಿನಾನೂ ಕೂಡಿಸ್ಲಿಲ್ಲ. ನೀ ಭಾರ ಆಗ್ತಿ ಅಂದ್ರು. ಈ ಮಳಿಗಾಲ ನಾ ಕೂಡಾಕಿ.”

“ಮತ್ತ ಹಾರಸಾವ್ರು ಯಾರು?”

“ಎಲ್ಲಾರ ಮುಂದ ‘ಇಳಸ್ತೀವಿ’ ಅಂತ ಮಾತ ಕೊಟ್ಟಾಕಿ ನೀನ,” ಎಂದು ಸಾರಿನ ಪಾತ್ರೆ ಎತ್ತಿಕೊಂಡು, ದೊಡ್ಡವ್ವ ಮುಂದಿನ ಎಲೆಗೆ ಹೋದಳು.