ಶನಿವಾರದ ಕ್ಯಾಬಿನೆಟ್ಟು

ಗೇಮ್ ಆಡುವ ಕಂಪ್ಯೂಟರನ್ನು ನಾನೇ ಜೋಡಿಸುತ್ತೇನೆಂದು ಹೊರಟವಳು ಇವತ್ತು ಎಲ್ಲಿ ಸಿಕ್ಕಿಬಿದ್ದೆ ಕೇಳಿ ಗೆಳೆಯರೇ. ಶಿರಸಿಯ ಅಂಗಡಿಯಲ್ಲಿ ಬಿಡಿಭಾಗಗಳನ್ನೆಲ್ಲ ಕೂರಿಸಲು ಗಾಳಿ ಚೆನ್ನಾಗಿ ಆಡುವ ಕ್ಯಾಬಿನೆಟ್ ಹುಡುಕುತ್ತಿದ್ದಾಗ ದಾಸನಕೊಪ್ಪದ ಮನೆಯಿಂದ ಅವ್ವನ ಫೋನು.

"ಇವತ್ತ ಶನಿವಾರ ಐತಿ. ಕಬ್ಬಿಣ ಮನಿಗೆ ತರಬ್ಯಾಡ."

"ಕಬ್ಬಿಣ ಅಲ್ಲವ್ವ, ಕಂಪ್ಯೂಟರ್."

"ಅದನ್ನ ಎದರಾಗ ಮಾಡ್ಯಾರ, ಕೇಳು."

ಫೋನು ಸ್ಪೀಕರಿನಲ್ಲಿತ್ತು. ಅಂಗಡಿಯವರು ನಗಲೂ ಇಲ್ಲ, ಡ್ರಾವರಿನಿಂದ ಒಂದು ಆಯಸ್ಕಾಂತ ತೆಗೆದರು. "ಶನಿವಾರ ಇದು ಬೇಕಾಗ್ತದೆ ಅಕ್ಕ" ಎಂದರು.

ಕ್ಯಾಬಿನೆಟ್ಟಿಗೆ ಹಿಡಿದರೆ ಗಟ್ಟಿಯಾಗಿ ಅಂಟಿಕೊಂಡಿತು. ಪವರ್ ಸಪ್ಲೈಗೂ ಅಂಟಿತು. ರ‍್ಯಾಮ್, ಪ್ರೊಸೆಸರ್ ಅಂಟದೆ ಪಾಸಾದವು. ಗ್ರಾಫಿಕ್ಸ್ ಕಾರ್ಡಿನ ಅಂಚಿಗೆ ಚೂರು ಅಂಟಿದ್ದನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕ್ಯಾಬಿನೆಟ್ಟನ್ನೂ ಪವರ್ ಸಪ್ಲೈಯನ್ನೂ ಅಲ್ಲೇ ಬಿಟ್ಟು, ಉಳಿದದ್ದನ್ನು ಸ್ಕೂಟರಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನಗೂ ಸಿಟ್ಟಿತ್ತು.

"ಈ ಸ್ಕೂಟರ್ ಕಬ್ಬಿಣ ಅಲ್ಲೇನವ್ವ?"

ಅವಳು ಸ್ಕೂಟರನ್ನು ಒಮ್ಮೆ ನೋಡಿ ಸಮಾಧಾನವಾಗಿ ಹೇಳಿದಳು, "ಅದು ನಮ್ಮ ಮನೀದು. ಹೊರಗ ಹೋಗಿತ್ತು, ತಿರುಗಿ ಬಂತು. ತಂದದ್ದಲ್ಲ."

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ. ನಾಳೆ ಭಾನುವಾರ, ಅಂಗಡಿ ಬಾಗಿಲು ಹಾಕಿರುತ್ತದೆ. ಸದ್ಯ ಜಮಖಾನೆಯ ಮೇಲೆ ಬಿಡಿಭಾಗಗಳನ್ನು ಹರಡಿಕೊಂಡು ಕೂತಿದ್ದೇನೆ. ಶನಿಕಾಟ ತಪ್ಪಿತು, ಆಟವೂ ತಪ್ಪಿತು.