ದೊಡ್ಡವ್ವ ಆರಿಸಿದ ನೆಲ

ಮೊನ್ನೆ ಬಳ್ಳಾರಿ ರಸ್ತೆಯಲ್ಲಿ ಸ್ಕೂಟಿ ಪಂಕ್ಚರ್ ಆಗಿ ಟೈರಿನಂಗಡಿಯ ಮುಂದೆ ನಿಂತಿದ್ದೆ. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಬಂತು. ಲಾರಿ ಮೆಕ್ಯಾನಿಕ್‌ನ ಮಗಳು ನಾನು, ಆ ವಾಸನೆಯಲ್ಲೇ ಬೆಳೆದವಳು. ಆದರೂ ನನಗೆ ನೆನಪಾದದ್ದು ಅಬ್ಬಾನ ಗ್ಯಾರೇಜಲ್ಲ, ಪಕ್ಕದ ಮನೆಯ ದೊಡ್ಡವ್ವ...

ಚಳ್ಳಕೆರೆಯಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅವರದು ಶೇಂಗಾ ವ್ಯಾಪಾರದ ಮನೆತನ. ಸಂಬಂಧವೇನೂ ಇಲ್ಲದಿದ್ದರೂ ನಾನವರನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಅವರ ಹಿರಿಯ ಮಗಳು ನನ್ನ ಓರಗೆಯವಳು. ಶಾಲೆಯಲ್ಲಿ ನಮ್ಮಿಬ್ಬರದು ಒಂದೇ ಬೆಂಚು. ಹೈಸ್ಕೂಲು ಸೇರುವ ಹೊತ್ತಿಗೆ ಅವಳಿಗೆ ಫಿಟ್ಸ್ ಶುರುವಾಯಿತು, ಶಾಲೆ ಬಿಡಿಸಿದರು. ಮಾತ್ರೆ ನುಂಗಿದರೂ ಪೂರ್ತಿ ಹತೋಟಿಗೆ ಬರಲಿಲ್ಲ. ಕಲ್ಲುಹಾಸಿನ ಮೇಲೆ ಅವಳು ಬಿದ್ದರೆ ಆ ಸದ್ದು ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ದೊಡ್ಡವ್ವ ಹೆಂಚಿನ ಮೇಲಿನ ರೊಟ್ಟಿ ಬಿಟ್ಟು ಓಡಿಹೋಗಿ ಅವಳನ್ನು ಮಗ್ಗುಲಿಗೆ ಹೊರಳಿಸುತ್ತಿದ್ದರು. ಹುಡುಗಿಯ ಹಣೆಯ ತುಂಬ ಹೊಲಿಗೆಯ ಗುರುತುಗಳಿದ್ದವು.

ತೊಂಬತ್ತರ ದಶಕದ ಕೊನೆಗೆ ಅವರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದರು. ಶೇಂಗಾ ಚೀಲ ಇಡಲೆಂದು ಕೆಳಗೊಂದು ನೆಲಮಾಳಿಗೆಯೂ ಆಯಿತು. ಅಷ್ಟರಲ್ಲಿ ಕಿರಿಯ ಮಗಳಿಗೆ ಗಂಡು ನೋಡುವ ಮಾತು ಎದ್ದಿತ್ತು. ಒಂದು ಸಂಜೆ ಅವರ ಯಜಮಾನರ ದನಿ ಗೋಡೆಯಾಚೆಯಿಂದ ಕೇಳಿಸಿತು.

“ಬಂದೋರ ಮುಂದೆ ಬಿದ್ದು ಒದ್ದಾಡಿದ್ರೆ ಚಿಕ್ಕೋಳ ಗತಿ ಏನು? ದೊಡ್ಡೋಳು ಕೆಳಗಿರ್ಲಿ. ಫ್ಯಾನು, ಲೈಟು ಎಲ್ಲಾ ಹಾಕಿಸ್ತೀನಿ.”

ಆಮೇಲೆ ದೊಡ್ಡವ್ವ ಹೇಳಿದರು: “ಇಡ್ತೀರಂದ್ರೆ ಇಡ್ರಿ. ಅಲ್ಲಿಗೆ ನೆಲ ಮಾತ್ರ ನಾನು ಆರಿಸ್ತೀನಿ.”

ಮೇಲಿನ ಮನೆಗೆಲ್ಲ ಹೊಳೆಯುವ ಗ್ರಾನೈಟ್ ಬಂತು. ಅದರ ಬಗ್ಗೆ ದೊಡ್ಡವ್ವ ಒಂದು ಮಾತೂ ಆಡಲಿಲ್ಲ. ಕೆಳಗಿನ ನೆಲಕ್ಕೆ ಮಾತ್ರ ಊರೆಲ್ಲ ಅಲೆದರು, ಜೊತೆಗೆ ನಮ್ಮ ಅಮ್ಮಿ ಮತ್ತು ನಾನು. ಒಂದು ಕಲ್ಲಿನ ಅಂಗಡಿಯಲ್ಲಿ ಅವರು ಸೆರಗು ಸಿಕ್ಕಿಸಿಕೊಂಡು ಕಡಪ ಕಲ್ಲಿನ ಮೇಲೆ ಮಲಗಿಯೇಬಿಟ್ಟರು. ತಲೆಯನ್ನು ಸ್ವಲ್ಪ ಎತ್ತಿ ಕೆಳಗೆ ಬಿಟ್ಟರು. ಅಂಗಡಿಯವರು ನಕ್ಕರು. ದೊಡ್ಡವ್ವ ತಲೆ ತಡವಿಕೊಳ್ಳುತ್ತಾ ಎದ್ದು “ಇದು ಬ್ಯಾಡ” ಅಂದರು. ಟೈಲ್ಸು ಜಾರುತ್ತದೆ. ಸಿಮೆಂಟೂ ಕಲ್ಲೂ ಒಂದೇ. ಮಣ್ಣಿನ ನೆಲ ಅವರಿಗೆ ಇಷ್ಟವಿತ್ತು, ಆದರೆ ನೆಲಮಾಳಿಗೆಯಲ್ಲಿ ತೇವ ಏಳುತ್ತದೆ, ಗೆದ್ದಲು ಹಿಡಿಯುತ್ತದೆ ಎಂದರು ಗಾರೆಯವರು. ಕಂಬಳಿ ಹಾಸೋಣವೆಂದರೆ, ಫಿಟ್ಸ್ ಬಂದಾಗ ಹುಡುಗಿಗೆ ಉಚ್ಚೆ ಹೋಗಿಬಿಡುತ್ತಿತ್ತು, ದಿನಾ ತೊಳೆದು ಒಣಗಿಸುವುದು ಆಗದ ಮಾತು.

ಕೊನೆಗೆ ದಾರಿ ತೋರಿಸಿದ್ದು ಅಬ್ಬಾ. “ಗಣಿ ಕಡೆ ಅದಿರು ಸಾಗ್ಸೋ ಬೆಲ್ಟ್ ಇರ್ತೈತೆ ಅಕ್ಕಾರೆ. ಬೆರಳು ದಪ್ಪ ರಬ್ಬರು. ಹಳೇದು ಸಿಗ್ತೈತೆ, ತರಿಸ್ಲಾ?”

“ತರಿಸಣ್ಣಾ,” ಅಂದರು ದೊಡ್ಡವ್ವ.

ಕೆಳಗೆ ತೆಂಗಿನ ನಾರಿನ ಚಾಪೆ, ಮೇಲೆ ರಬ್ಬರು. ಗೋಡೆಯಿಂದ ಗೋಡೆಗೆ ಸಂದಿಲ್ಲದಂತೆ ಕೂರಿಸಿದರು. ದೊಡ್ಡವ್ವ ಮತ್ತೆ ಮಲಗಿ ತಲೆ ಬಿಟ್ಟು ನೋಡಿದರು. ಒಮ್ಮೆ, ಇನ್ನೊಮ್ಮೆ. ಅವರು ನಕ್ಕದ್ದನ್ನು ಬಹಳ ದಿನಗಳ ಮೇಲೆ ಕಂಡೆ. ನಾನು ದಿನಾ ಕಾಲೇಜು ಮುಗಿಸಿ ಬಂದು ಗೆಳತಿಯ ಜೊತೆ ಅಲ್ಲೇ ಚೌಕಾಬಾರ ಆಡುತ್ತಿದ್ದೆ. ಅವಳ ಹಣೆಯ ಮೇಲೆ ಹೊಸ ಗಾಯಗಳು ಬೀಳುವುದು ನಿಂತಿತ್ತು.

ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಮನೆಯವರು ಕಿರಿಯಳನ್ನು ನೋಡಲು ಬಂದ ಮಧ್ಯಾಹ್ನ ಅಡುಗೆಮನೆಯಲ್ಲಿ ನಾನೂ ಇದ್ದೆ. ದೊಡ್ಡವ್ವನ ಮನೆಗೆ ಇರುವುದು ಒಬ್ಬಳೇ ಮಗಳು ಎಂದು ಬಂದವರಿಗೆ ಹೇಳಿಯಾಗಿತ್ತು. ದೊಡ್ಡವ್ವ ಉಪ್ಪಿಟ್ಟು ಬಡಿಸುವಾಗಲೂ ಕಿವಿಯನ್ನು ಮೆಟ್ಟಿಲ ಕಡೆಗೇ ಇಟ್ಟಿದ್ದರು. ಕೆಳಗಿನಿಂದ ಏನೂ ಕೇಳಿಸಲಿಲ್ಲ. ಹಜಾರದಲ್ಲಿ ಮಾತು, ನಗು ನಡೆದಿತ್ತು. ಎಲ್ಲರ ಕೈಗೂ ಕಾಫಿ ಕೊಟ್ಟ ಮೇಲೆ ದೊಡ್ಡವ್ವ ಮಗಳಿಗೆಂದು ಒಂದು ಬಟ್ಟಲು ಕೇಸರಿಬಾತ್ ಹಿಡಿದು ಕೆಳಗಿಳಿದರು.

ಅವರು ಮೇಲೆ ಬಂದಾಗ ಕೈಯಲ್ಲಿ ಬಟ್ಟಲಿರಲಿಲ್ಲ. ಯಜಮಾನರು ಕಣ್ಣಲ್ಲೇ ಏನೆಂದು ಕೇಳಿದರು. ದೊಡ್ಡವ್ವ ಅವರತ್ತ ತಿರುಗಲಿಲ್ಲ. ಹಜಾರದ ನಡುವೆ ನಿಂತು, ಬಂದವರಿಗೆ ಹೇಳಿದರು:

“ನಂಗೆ ಇನ್ನೊಬ್ಳು ಮಗಳು ಇದ್ಲು. ದೊಡ್ಡೋಳು. ಕೆಳಗೆ ಸತ್ತು ಬಿದ್ದವ್ಳೆ. ಬಂದು ನೋಡ್ರಿ.”

ಎಲ್ಲರಿಗಿಂತ ಮೊದಲು ಮೆಟ್ಟಿಲಿಳಿದವರು ಗಂಡಿನ ತಾಯಿ. ನಾನು ಅವರ ಹಿಂದೆಯೇ ಹೋದೆ. ನನ್ನ ಗೆಳತಿ ಬೋರಲು ಬಿದ್ದಿದ್ದಳು. ಮೂಗು, ಬಾಯಿ ರಬ್ಬರಿಗೆ ಒತ್ತಿಹೋಗಿದ್ದವು. ತಿರುಗಿಸಿದಾಗ ಮೈಮೇಲೆ ಎಲ್ಲೂ ಒಂದು ಗಾಯವಿರಲಿಲ್ಲ. ಆ ತಾಯಿ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತು, ಹುಡುಗಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಫಿಟ್ಸ್ ಬರುತ್ತಿತ್ತೆಂದು ನಾನೇ ಹೇಳಿದೆ.

“ಇಷ್ಟಕ್ಕೆ ಯಾಕವ್ವಾ ಮುಚ್ಚಿಟ್ರಿ? ನಮ್ಮನೇಲೂ ಕಾಯಿಲೆ ಕಸಾಲೆ ಇರಲ್ವಾ...”

ಆಗ ದೊಡ್ಡವ್ವನ ಬಾಯಿಂದ ಹೊರಟ ಕೂಗನ್ನು ನಾನು ಬರೆಯಲಾರೆ.

ಮಣ್ಣು ಮಾಡಿದ ಮರುದಿನ ಅಬ್ಬಾ ತಲೆ ತಗ್ಗಿಸಿಕೊಂಡು ಅವರ ಬಾಗಿಲಿಗೆ ಹೋದರು. ದೊಡ್ಡವ್ವನೇ ಮೊದಲು ಮಾತಾಡಿದರು. “ನಿಂದೇನೂ ತಪ್ಪಿಲ್ಲಣ್ಣ. ಬಿದ್ರೆ ನೋವಾಗ್ಬಾರ್ದು ಅಂತ ಕೇಳ್ಕಂಡೆ, ನೋವಾಗ್ಲಿಲ್ಲ. ಬಿದ್ದಿದ್ದು ನಂಗೆ ಕೇಳಿಸ್ಲಿಲ್ಲ, ಅಷ್ಟೇ.” ಆ ರಬ್ಬರನ್ನು ಅವರೇ ಕಿತ್ತು ಹಾಕಿದರು, ಯಾರನ್ನೂ ಕೈ ಹಚ್ಚಗೊಡಲಿಲ್ಲ.

ಮುಂದಿನ ವರ್ಷ ಕಿರಿಯಳ ಮದುವೆ ಅಂದು ನೋಡಲು ಬಂದಿದ್ದ ಆ ಮನೆಗೇ ಆಯಿತು. ಕೆಲವು ವರ್ಷಗಳ ನಂತರ ದೊಡ್ಡವ್ವನೂ ಗಂಡನನ್ನು ಬಿಟ್ಟು ಮೊಳಕಾಲ್ಮೂರಿಗೆ, ಆ ಮಗಳ ಹತ್ತಿರ ಹೋದರು. ನಾನು ಆಗಾಗ ಹೋಗಿ ಬರುತ್ತಿದ್ದೆ. ಅಲ್ಲಿ ಕಿರಿಯಳ ಮಕ್ಕಳು ತೆಲುಗು, ಕನ್ನಡ ಬೆರೆಸಿ ಕೂಗಾಡುತ್ತಿದ್ದರೆ, ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದರು.

“ಶಾಲೇಲಿ ಅವಳು ಹೆಂಗಿದ್ಲು ಹೇಳವ್ವ. ನಂಗೆ ಗೊತ್ತಿಲ್ದೇ ಇರೋದು ಹೇಳು.”

ನಾನು ಹುಡುಕಿ ಹುಡುಕಿ ಹೇಳುತ್ತಿದ್ದೆ. ಚಿತ್ರ ಬರೆಯುವಾಗ ಬರಿಗಾಲಿನ ನಮಗೆಲ್ಲ ಅವಳು ಬೂಟು ಬರೆಯುತ್ತಿದ್ದುದು, ಮೇಷ್ಟ್ರ ಕೆಮ್ಮನ್ನು ಅಣಕಿಸುತ್ತಿದ್ದುದು. ದೊಡ್ಡವ್ವ ಕಣ್ಣು ಮುಚ್ಚಿ ಕೇಳುತ್ತಿದ್ದರು.

ದೊಡ್ಡವ್ವ ತೀರಿಹೋಗಿ ವರ್ಷಗಳಾದವು. ಮೊನ್ನೆ ಪಂಕ್ಚರ್ ಹಾಕಿಸಿಕೊಂಡು ಮನೆಗೆ ಬರುವ ದಾರಿಯಲ್ಲಿ, ಎಂದೂ ಹೇಳದೆ ಉಳಿದ ಒಂದು ಸಂಗತಿ ಹೊಳೆಯಿತು. ಶಾಲೆಯವರೆಲ್ಲ ನಾಯಕನಹಟ್ಟಿಗೆ ಬಸ್ಸಿನಲ್ಲಿ ಹೊರಟಿದ್ದಾಗ ನನಗೆ ವಾಂತಿಯಾಯಿತು. ಅವಳು ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು, ದಾರಿಯುದ್ದಕ್ಕೂ ನನ್ನ ಹಣೆಯನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು... ಅಷ್ಟು ದಿನ ಇದು ಎಲ್ಲಿ ಅಡಗಿತ್ತೋ. ಹೇಳೋಣವೆಂದರೆ, ಕೇಳುವವರು ಈಗ ಇಲ್ಲ.