ಎಡಗೈ ಗಂಟು

ಕುಮಟೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಮನುಷ್ಯನ ಕಣ್ಣು ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದನ್ನು ದಿನವೂ ನೋಡುತ್ತೇನೆ. ಹೀಗಾಗಿ ಯಾರಾದರೂ ದೆವ್ವ ಕಂಡೆ ಎಂದರೆ ಮೊದಲು ಅವರ ಕಣ್ಣಿನ ನಂಬರು ಕೇಳಿ ನಗುತ್ತಿದ್ದೆ. ಈಗ ಕೇಳುವುದಿಲ್ಲ. ನಂಬಿಕೆ ಬಂದಿದೆ ಎಂದಲ್ಲ, ನಗುವ ಧೈರ್ಯ ಹೋಗಿದೆ. ಕೆಲವು ವರ್ಷಗಳ ಹಿಂದೆ ಇಲ್ಲೇ ಹತ್ತಿರದ ಮೀನುಗಾರರ ಊರು ಕಾಸರಕೋಡದಲ್ಲಿ, ಬಿಸಿಲಿರುವ ಹೊತ್ತಿನಲ್ಲೇ, ನಾನು ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದಕ್ಕಿಂತ ಒಂದು ಮಾತೂ ಹೆಚ್ಚಾಗದಂತೆ ಬರೆಯಬೇಕೆಂದಿದ್ದೇನೆ.

ನನಗೂ ಭಟ್ಕಳದ ಗೆಳೆಯ ಇಮ್ತಿಯಾಜನಿಗೂ ಗಾಳ ಹಾಕುವ ಹುಚ್ಚು. ಹೊಳೆಬಾಯಲ್ಲಿ ಗಾಳ ಹಾಕಿ ಹಾಕಿ ಬೇಜಾರಾಗಿತ್ತು. ಮುರ್ಡೇಶ್ವರದ ಆಚೆ, ದಡದಿಂದ ಕಾಣದಷ್ಟು ದೂರದಲ್ಲಿ ಒಂದು ಬಂಡೆಗುಡ್ಡವಿದೆ, ಅದರ ಬುಡದಲ್ಲಿ ಮುರುಮೀನು ತೊಡೆಗಾತ್ರ ಬೆಳೆದಿರುತ್ತವೆ ಎಂದು ಕೇಳಿದ್ದೆವು. ಅಲ್ಲಿಗೆ ದಾರಿ ಬಲ್ಲವನು ಕಾಸರಕೋಡದ ಮಂಕಾಳಿ ಎಂಬ ತಾಂಡೇಲ. ದೋಣಿ ನಡೆಸುವುದರಲ್ಲಿ ಅವನಷ್ಟು ಪಳಗಿದ ಕೈ ಆ ಬದಿಯಲ್ಲಿ ಇರಲಿಲ್ಲ. ಆದರೆ ಆ ಗುಡ್ಡದ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದ.

ಕಾರಣ ಆಮೇಲೆ ತಿಳಿಯಿತು. ಎಷ್ಟೋ ವರ್ಷಗಳ ಹಿಂದೆ ಒಮ್ಮೆ ಮಂಕಾಳಿ ಮತ್ತು ಅವನ ದೊಡ್ಡಪ್ಪನ ಮಗ ಸುಬ್ರಾಯ ಇಬ್ಬರೇ ಆ ಗುಡ್ಡಕ್ಕೆ ಹೋಗಿದ್ದರು. ಲಂಗರು ಬಂಡೆಸಂದಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಸುಬ್ರಾಯ ನೀರಿಗೆ ಧುಮುಕಿದ. ಅಷ್ಟರಲ್ಲಿ ಗಾಳಿ ಎದ್ದಿತು. ದೋಣಿ ಮಂಕಾಳಿ ಒಬ್ಬನನ್ನೇ ಹೊತ್ತು ಮರಳಿತು. ಲಂಗರಿನ ಹಗ್ಗ ಬಂಡೆಗೆ ತಿಕ್ಕಿ ಹರಿಯಿತು, ದೋಣಿ ತೇಲಿಹೋಯಿತು, ತಿರುಗಿ ಹೋಗಲಾಗಲಿಲ್ಲ ಎಂದು ಅವನು ಹೇಳಿದ. ಊರು ಒಪ್ಪಿತು. ಸುಬ್ರಾಯನ ಹೆಂಡತಿ ನಾಗವೇಣಿ ಮಾತ್ರ ಒಪ್ಪಲಿಲ್ಲ. ಅಂದಿನಿಂದ ಮಂಕಾಳಿ ದಡದಲ್ಲಿ ಎಲ್ಲಿ ಕಂಡರೂ, ಮೀನು ಕೊಳ್ಳುವವರ ನಡುವೆ, ಚಾ ಅಂಗಡಿಯ ಮುಂದೆ, ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: "ಹಗ್ಗ ಹರದದ್ದಾ, ಕೊಯ್ದದ್ದಾ?" ಅವನು ಪ್ರತಿ ಸಲವೂ "ಹರದದ್ದು, ಅತ್ಗೆ" ಎನ್ನುತ್ತಿದ್ದನಂತೆ. ಕೊಯ್ದೆ ಎಂಬ ಮಾತು ಅವನ ಬಾಯಿಂದ ನಾಲ್ಕು ಜನರ ಎದುರು ಬರಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

ಇಂಥ ಮಂಕಾಳಿ ಒಂದು ದಿನ ತಾನೇ ಫೋನು ಮಾಡಿ, ಗುಡ್ಡಕ್ಕೆ ಹೋಗುವ ತಯಾರಿ ಮಾಡೋಣ, ಬನ್ನಿ ಎಂದ. ಹಗ್ಗ ಹರಿದದ್ದೇ ಆದರೆ ಗುಡ್ಡಕ್ಕೆ ಹೋಗಲು ಹೆದರಿಕೆ ಏಕೆ ಎಂದು ಕೇಳಿ ಕೇಳಿ ಅವನನ್ನು ಒಪ್ಪಿಸಿದ್ದು ನಾಗವೇಣಿ ಎಂದು ನಮಗೆ ಕಾಸರಕೋಡಕ್ಕೆ ಹೋದ ಮೇಲೇ ಗೊತ್ತಾದದ್ದು.

ಎರಡೂ ಮನೆಯವರ ಬಲೆ, ಹಗ್ಗಗಳೆಲ್ಲ ಅವಳ ಅಂಗಳದ ಚಪ್ಪರದಲ್ಲಿದ್ದವು. ಅವಳು ಅಂಗಳದ ಆ ತುದಿಯಲ್ಲಿ ಕೂತು ಬಂಗಡೆ ಸೀಳಿ ಉಪ್ಪು ತುಂಬುತ್ತಿದ್ದಳು. ನಾವು ಮೂವರು ಚಪ್ಪರದ ಕೆಳಗೆ ಕೂತು ಮಂಜುಗಡ್ಡೆ ಎಷ್ಟು, ಡೀಸೆಲ್ ಎಷ್ಟು, ಗಾಳಕ್ಕೆ ಚುಚ್ಚುವ ಸೀಗಡಿ ಎಲ್ಲಿಂದ ತರುವುದು ಎಂದು ಮಾತಾಡತೊಡಗಿದೆವು.

"ವಾಂತಿ ಮಾಡೂರು ಯಾರು? ಮೊದ್ಲೇ ಹೇಳಿ" ಎಂದ ಮಂಕಾಳಿ.

"ಈ ಕನ್ನಡಕದವ್ರೇ. ಬಸ್ಸಲ್ಲೂ ಕಿಟಕಿ ಬದಿಗೇ ಕೂಡ್ತ್ರು" ಎಂದ ಇಮ್ತಿಯಾಜ.

ಆ ತುದಿಯಿಂದ ನಾಗವೇಣಿ ಕೆಲಸ ನಿಲ್ಲಿಸದೆ ಹೇಳಿದಳು: "ಇವ್ರಿಗೆ ಎಂತಾ ಆಗೂದಿಲ್ಲ, ಮಂಕಾಳಿ. ನೀ ಮಾತ್ರ ಗಟ್ಟಿಯಾಗಿ ಹೋಗು. ಅಲ್ಲಿ ನಿನ್ನ ಕಾಯೂರು ಇದ್ದಾರೆ."

ಮಂಕಾಳಿ ಲಂಗರು ಎಳೆದುಕೊಂಡು ಹಗ್ಗ ಕಟ್ಟತೊಡಗಿದ.

ಲಂಗರಿನ ವಿಷಯ ಸ್ವಲ್ಪ ಹೇಳಬೇಕು. ಕೆಸರಿನ ತಳವಿದ್ದರೆ ದಪ್ಪ ಹಗ್ಗವನ್ನು ಲಂಗರಿನ ತಲೆಯ ಬಳೆಗೇ ಕಟ್ಟುತ್ತಾರೆ. ಬಂಡೆಯ ತಳವಿದ್ದರೆ ಹಗ್ಗವನ್ನು ಕೊಕ್ಕೆಗಳಿರುವ ಬುಡಕ್ಕೆ ಕಟ್ಟಿ, ತಲೆಯ ಬಳೆಗೆ ತೆಳ್ಳಗಿನ ದಾರದಿಂದ ಬಿಗಿಯುತ್ತಾರೆ. ಲಂಗರು ಸಿಕ್ಕಿಕೊಂಡಾಗ ಜೋರಾಗಿ ಜಗ್ಗಿದರೆ ದಾರ ಹರಿದು, ಲಂಗರು ಬುಡಮೇಲಾಗಿ ಕಿತ್ತುಬರುತ್ತದೆ. ಅಂದು ಮಂಕಾಳಿ, ಸುಬ್ರಾಯ ಇಬ್ಬರೂ ಹೊಳೆಬಾಯಿಯ ಕೆಸರಿನಿಂದ ನೇರ ಗುಡ್ಡಕ್ಕೆ ಹೋಗಿದ್ದರು. ಅವಸರದಲ್ಲಿ ಗಂಟು ಬದಲಿಸಿರಲಿಲ್ಲ. ಸುಬ್ರಾಯ ಕೆಳಗೆ ಇಳಿಯಬೇಕಾಗಿ ಬಂದದ್ದು ಅದಕ್ಕೇ.

ಮಂಕಾಳಿ ಹಗ್ಗವನ್ನು ಬುಡಕ್ಕೆ ಕಟ್ಟಿ, ದಾರ ಬಿಗಿದು, ನಮಗೆ ತೋರಿಸಿದ. ನಾನು ಮುಟ್ಟಿ ನೋಡಿದೆ. ಅವನು ಬೀಡಿ ಹಚ್ಚಲು ಆಚೆ ತಿರುಗಿದ. ನಾನು ಹಗ್ಗದ ಸುರುಳಿಯ ಮೇಲೆ ಕಾಲಿಟ್ಟುಕೊಂಡು ಇಮ್ತಿಯಾಜನ ಹೊಸ ಗಾಳ ನೋಡುತ್ತಿದ್ದೆ. ಕಾಲ ಕೆಳಗೆ ಹಗ್ಗ ಅಲುಗಲಿಲ್ಲ. ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಮಂಕಾಳಿ ತಿರುಗಿದವನು ಬೀಡಿ ಬಾಯಿಗಿಡದೆ ನಿಂತ. ಹಗ್ಗ ಬುಡ ಬಿಟ್ಟು ಲಂಗರಿನ ತಲೆಯ ಬಳೆಯಲ್ಲಿತ್ತು. ದಾರ ಬಿಚ್ಚಿ ಪಕ್ಕದಲ್ಲಿ ಬಿದ್ದಿತ್ತು.

"ಯಾರು ಮುಟ್ಟಿದ್ದು?" ಎಂದ.

ನಾವು ಮುಟ್ಟಿರಲಿಲ್ಲ. ನಾಗವೇಣಿಯನ್ನು ನೋಡಿದೆ. ಅವಳು ಕೂತಲ್ಲೇ ಇದ್ದಳು. ಎರಡೂ ಕೈ ಮೊಣಕೈವರೆಗೆ ಉಪ್ಪು, ರಕ್ತ. ಹಗ್ಗದ ಮೇಲೆ ಉಪ್ಪಿನ ಒಂದು ಹರಳೂ ಇರಲಿಲ್ಲ.

ಮಂಕಾಳಿ ಕುಕ್ಕರಗಾಲಲ್ಲಿ ಕೂತು ಗಂಟನ್ನು ಬೆರಳಿಂದ ಸವರಿದ. "ಇದು ಎಡಗೈದು" ಎಂದ. ಸುಬ್ರಾಯ ಎಡಚನಂತೆ. ಅವನ ಗಂಟಿನ ಸುತ್ತು ಯಾವಾಗಲೂ ತಿರುವುಮುರುವಾಗಿ ಬೀಳುತ್ತಿತ್ತಂತೆ.

"ಗುರ್ತು ಸಿಕ್ತಾ?" ಎಂದಳು ನಾಗವೇಣಿ.

ಅವನು ಸಿಟ್ಟಿನಿಂದ ಗಂಟು ಬಿಚ್ಚಿ ಹಗ್ಗ ಎಸೆದ. "ಎಲ್ರೂ ನೋಡ್ತಾ ಇರಿ" ಎಂದು ಮತ್ತೆ ಕಟ್ಟತೊಡಗಿದ. ನಾನು ಅವನ ಕೈಯಿಂದ ಕಣ್ಣು ತೆಗೆಯಲಿಲ್ಲ. "ನೋಡಿ, ಬುಡಕ್ಕೆ ಕಟ್ತಾ ಇದ್ದೇನೆ. ಹಿಂಗೆ ಒಂದು ಸುತ್ತು" ಎಂದು ಅವನ ಬಾಯಿ ಹೇಳುತ್ತಿತ್ತು. ಅವನ ಕೈ ಮಾತ್ರ ಹಗ್ಗವನ್ನು ತಲೆಯ ಬಳೆಯೊಳಗೆ ತೂರಿಸುತ್ತಿತ್ತು. ಬಲಗೈ ಸುಮ್ಮನೆ ಹಿಡಿದುಕೊಂಡಿತ್ತು. ಕಟ್ಟುತ್ತಿದ್ದದ್ದು ಎಡಗೈ. ತಡವರಿಸದೆ, ಹುಟ್ಟಿನಿಂದ ಅದೇ ಕೆಲಸ ಮಾಡಿದ ಕೈಯಂತೆ. ಇಮ್ತಿಯಾಜ ಮೆಲ್ಲಗೆ "ಯಾ ಅಲ್ಲಾ" ಎಂದದ್ದು ಕೇಳಿಸಿತು. ಗಂಟು ಬಿಗಿದು ಮುಗಿದ ಮೇಲೆಯೇ ಮಂಕಾಳಿ ಕೆಳಗೆ ನೋಡಿದ್ದು.

ಅವನು ಎಡಗೈಯನ್ನು ಕಂಕುಳಲ್ಲಿ ಅದುಮಿಕೊಂಡ.

ನಾಗವೇಣಿ ಎದ್ದು ಬಂದಳು. ದನಿ ಏರಿಸಲಿಲ್ಲ.

"ಹಗ್ಗ ಹರದದ್ದಾ, ಕೊಯ್ದದ್ದಾ?"

ಅವನು ಗಂಟನ್ನೇ ನೋಡಿದ. ಆಮೇಲೆ ಹೇಳಿದ: "ಕೊಯ್ದದ್ದು."

"ಅವ್ರು ಕೆಳಗೆ ಇದ್ದಾಗ್ಲೆ?"

"ಮೇಲೆ ಬಂದಿದ್ದ. ಕೈ ಎತ್ತಿದ್ದ. ದೋಣಿ ಮಗಚ್ತದೆ ಹೇಳಿ ಹೆದ್ರಿಕೆ ಆತು, ಅತ್ಗೆ."

ಅವಳು ನಮ್ಮಿಬ್ಬರ ಕಡೆ ತಿರುಗಿ "ಕೇಳಿದ್ರಲ್ಲ" ಎಂದಳು. ಆ ಮುಖದಲ್ಲಿ ಅಳು ಇರಲಿಲ್ಲ. ತುಂಬ ಹಸಿದವರು ಊಟಕ್ಕೆ ಕೂತಾಗ ಇರುವಂಥ ಒಂದು ಶಾಂತಿ ಇತ್ತು. ಅದು ನನ್ನನ್ನು ಗಂಟಿಗಿಂತ ಹೆಚ್ಚು ಹೆದರಿಸಿತು.

ಮಂಕಾಳಿ ಗಂಟು ಬಿಚ್ಚಲು ನೋಡಿದ. ಈ ಸಲ ಬರಲಿಲ್ಲ. ಉಗುರು ಕಿತ್ತು ರಕ್ತ ಬಂತು. ನಾಗವೇಣಿ ಮೀನು ಸೀಳುತ್ತಿದ್ದ ಚೂರಿಯನ್ನು ತಂದು ಅವನ ಮುಂದೆ ಇಟ್ಟಳು.

"ಕೊಯ್ಯಿ. ನಿಂಗೆ ಅಭ್ಯಾಸ ಅದ್ಯಲ."

ಅವನು ಚೂರಿ ಮುಟ್ಟಲಿಲ್ಲ. ಎದ್ದು, ಚಪ್ಪಲಿ ಹಾಕಿಕೊಳ್ಳದೆ ಹೊರಟುಹೋದ. ಆಮೇಲೆ ಅವನು ಕಡಲಿಗೆ ಹೋಗಲಿಲ್ಲ. ಕಾಸರಕೋಡವನ್ನೂ ಬಿಟ್ಟನಂತೆ. ನಾವೂ ಗುಡ್ಡದ ಮಾತು ಮತ್ತೆ ತೆಗೆಯಲಿಲ್ಲ.

ಅಪರಾಧ ಮಾಡಿದವನ ಮನಸ್ಸೇ ಅವನ ಕೈಯನ್ನು ಹಾಗೆ ಆಡಿಸಿತು ಎಂದು ಎರಡನೆಯ ಗಂಟಿಗೆ ನಾನು ಕಾರಣ ಹೇಳಿಕೊಳ್ಳಬಲ್ಲೆ. ಮೊದಲನೆಯದಕ್ಕೆ ಇಂದಿಗೂ ಕಾರಣ ಸಿಕ್ಕಿಲ್ಲ. ನನ್ನ ಕಾಲು ಹಗ್ಗದ ಮೇಲೇ ಇತ್ತು.

ಕಳೆದ ವರ್ಷ ನಾಗವೇಣಿ ಕನ್ನಡಕ ಮಾಡಿಸಲು ನನ್ನ ಅಂಗಡಿಗೆ ಬಂದಿದ್ದಳು. ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ: "ಆ ಮೊದ್ಲ ಗಂಟು ನೀವು ಹಾಕಿದ್ದಾ?"

ಅವಳು ಹೊಸ ಕನ್ನಡಕದಲ್ಲಿ ನನ್ನನ್ನು ನೆಟ್ಟಗೆ ನೋಡಿದಳು.

"ನಂಗೆ ಆ ಗಂಟು ಹಾಕೂಕೆ ಬರ್ತಿದ್ರೆ," ಎಂದಳು, "ನಾನು ಅಷ್ಟು ವರ್ಷ ಕಾಯ್ತಿದ್ನಾ?"